ಅಸಾಧ್ಯ ರೋಗದ ವ್ಯಾಖ್ಯೆ

ವಿರೂಪಾಕ್ಷಯ್ಯ ಹೊಳೆದಂಡೆಯ ವೈದ್ಯರು. ಅವರ ಶಿಷ್ಯ ಸೋಮಲಿಂಗನಿಗೆ ರೋಗಗಳ ವ್ಯಾಖ್ಯೆಯೆಲ್ಲ ಬಾಯಿಪಾಠ. ಬಾವು ಎಂದರೇನು, ಶೂಲೆ ಎಂದರೇನು, ಕಾಮಾಲೆ ಎಂದರೇನು, ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನೂ ಬಿಡುತ್ತಿರಲಿಲ್ಲ.

ಒಂದು ದಿನ ಗುರುಗಳು ಬೇರು ತರಲು ಗುಡ್ಡಕ್ಕೆ ಹೋಗಿದ್ದರು. ಆಗ ಕಂಬಳಿ ನೇಯುವ ಬೀರಪ್ಪ ಬಂದ. ಹೊಟ್ಟೆಯಲ್ಲಿ ನೀರು ತುಂಬಿ ಬಿಗಿದಿತ್ತು, ಕಾಲು ಊದಿತ್ತು.

ಸೋಮಲಿಂಗ ನಾಡಿ ನೋಡಿದ. ಹೊಟ್ಟೆ ತಟ್ಟಿ ನೋಡಿದ.

“ಇದು ಜಲೋದರ. ಬಲಿತುಬಿಟ್ಟಿದೆ. ಅಸಾಧ್ಯ.”

“ಹಂಗಂದ್ರೆ ಏನು ಚಿಕ್ಕಯ್ನೋರೇ?”

“ಯಾವ ಮದ್ದಿಗೂ ಬಗ್ಗದ ರೋಗಕ್ಕೆ ಅಸಾಧ್ಯ ಅನ್ನುತ್ತಾರೆ.”

ಒಂದಕ್ಷರ ತಪ್ಪಲಿಲ್ಲ. ಪುಣ್ಯಾತ್ಮನಿಗೆ ಅದರದ್ದೇ ಖುಷಿ! ಬೀರಪ್ಪ ಕೈಮುಗಿದು ಎದ್ದುಹೋದ.

ಐದನೆಯ ದಿನ ಅವನ ಹೆಂಡತಿ ಮಾಳವ್ವ ಓಡೋಡಿ ಬಂದಳು.

“ಅಯ್ನೋರೇ, ನಮ್ಮೋರು ಗೋಡೆ ಕಡೆ ಮುಖ ಮಾಡಿ ಮಲಗವ್ರೆ. ಗಂಜಿ ಬೇಡ, ನೀರೂ ಬೇಡ. ಬರೋ ತಿಂಗಳು ಮಗಳ ಹೆರಿಗೆ. ಹುಟ್ಟೋ ಕೂಸಿಗೆ ಅಂತ ಹಾಕಿದ ಕಂಬಳಿ ಮಗ್ಗದಾಗೆ ಅರ್ಧಕ್ಕೇ ನಿಂತೈತೆ. ಮುಟ್ಟಾಕಿಲ್ಲ ಅಂತಾರೆ. ಏನು ಹೇಳಿ ಕಳಿಸಿದ್ರಿ?”

ಗುಡ್ಡದಿಂದ ಮರಳಿದ್ದ ಗುರುಗಳು ಶಿಷ್ಯನ ಮುಖ ನೋಡಿದರು. ಅವನು ತಾನು ಹೇಳಿದ್ದನ್ನೆಲ್ಲ ಒಪ್ಪಿಸಿದ.

“ಸುಳ್ಳು ಹೇಳಬೇಕಿತ್ತೇ ಗುರುಗಳೇ?”

“ಬೇಡ.”

“ಮತ್ತೆ?”

“ಹೇಳಿ ಕೈತೊಳೆದುಕೊಂಡೆಯಲ್ಲ. ನಡಿ, ಅವನ ಮನೆಗೆ ಹೋಗು.”

“ಹೋಗಿ ಏನು ಮಾಡಲಿ? ಮದ್ದೇ ಇಲ್ಲವಲ್ಲ!”

“ಇಲ್ಲ.”

“ಹಾಗಾದರೆ?”

“ಏನು ಮಾಡಬೇಕು ಅಂತ ಗೊತ್ತಾಗುವವರೆಗೆ ಈ ಕಡೆ ತಲೆ ಹಾಕಬೇಡ.”

ಸೋಮಲಿಂಗನಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮಾಳವ್ವನ ಹಿಂದೆ ಹೊರಟ.

ಬೀರಪ್ಪ ತಿರುಗಿಯೂ ನೋಡಲಿಲ್ಲ.

“ಆಗಾಕಿಲ್ಲ ಅಂದ ಮ್ಯಾಲೆ ಯಾಕೆ ಬಂದ್ರಿ?”

ಸೋಮಲಿಂಗ ಪಕ್ಕದಲ್ಲಿ ಕೂತ. ರಾತ್ರಿ ಅವರ ಜಗಲಿಯಲ್ಲೇ ಮಲಗಿದ. ಮಾರನೆಯ ದಿನವೂ ಬಂದು ಕೂತ.

ಮೂರನೆಯ ದಿನ, ಮಲಗಿದವನಿಗೆ ಏದುಸಿರು ಬರುವುದು ಕಣ್ಣಿಗೆ ಬಿತ್ತು. ಬೆನ್ನಿಗೆ ಉಣ್ಣೆಯ ಮೂಟೆ ಕೊಟ್ಟು ಒರಗಿಸಿ ಕೂರಿಸಿದ. ಉಸಿರು ಸ್ವಲ್ಪ ಸರಾಗವಾಯಿತು. ಕಾಲಿಗೆ ಎಣ್ಣೆ ಸವರಿದ. ಬೀರಪ್ಪ ಬೇಡ ಅನ್ನಲಿಲ್ಲ.

ಗಂಜಿ ತಂದ. ಬೀರಪ್ಪ ಬಟ್ಟಲು ತಳ್ಳಿದ. ಮತ್ತೆ ತಂದ, ಮತ್ತೆ ತಳ್ಳಿದ. ಮೈಮೇಲೆಲ್ಲ ಚೆಲ್ಲಿದ ಗಂಜಿ ಒರೆಸಿಕೊಂಡು ಮೂರನೆಯ ಸಲ ತಂದ.

“ಭಾರಿ ಹಠಮಾರಿ ಕಣ್ರೀ ನೀವು!”

“ನಾಳೆಯೂ ತರ್ತೀನಿ ಬೀರಣ್ಣ.”

ಅವತ್ತು ಬೀರಪ್ಪ ಎರಡು ಗುಟುಕು ಕುಡಿದ. ಆಮೇಲೆ ಕೇಳಿದ:

“ನಂಗೆ ಇನ್ನೆಷ್ಟು ದಿನ ಐತೆ?”

“ಗೊತ್ತಿಲ್ಲಣ್ಣ. ಇರುವಷ್ಟು ದಿನವೂ ನಾನು ಇಲ್ಲೇ ಇರ್ತೀನಿ.”

ಬೀರಪ್ಪ ಮಗ್ಗದ ಕಡೆ ನೋಡಿದ.

“ಹಂಗಾದ್ರೆ ಹಿಡ್ಕಳ್ಳಿ ನನ್ನ. ಅಲ್ಲಿಗೆ ಕರ್ಕೊಂಡು ಹೋಗಿ.”

ಅಂದಿನಿಂದ ಸೋಮಲಿಂಗ ಹಿಂದೆ ಕೂತು ಅವನ ಬೆನ್ನಿಗೆ ಬೆನ್ನು ಕೊಟ್ಟ. ನಾಲ್ಕು ಎಳೆ ನೇಯುವುದು, ಸುಧಾರಿಸಿಕೊಳ್ಳುವುದು, ಮತ್ತೆ ನಾಲ್ಕು ಎಳೆ.

ಎರಡು ತಿಂಗಳಾದ ಮೇಲೆ ಶಿಷ್ಯ ಹೊಳೆದಂಡೆಗೆ ಮರಳಿದ. ಕಣ್ಣು ಕೆಂಪಗಾಗಿತ್ತು.

“ಬೀರಣ್ಣ ಹೋಗಿಬಿಟ್ಟ ಗುರುಗಳೇ.”

“ಕಂಬಳಿ?”

“ಮುಗಿಸಿದ. ಒಂದು ಅಂಚು ಸೊಟ್ಟ. ಮೊಮ್ಮಗಳನ್ನು ಅದರಲ್ಲೇ ಸುತ್ತಿ ತೊಡೆ ಮೇಲೆ ಹಾಕಿಕೊಂಡಿದ್ದ.”

ಗುರುಗಳು ತಲೆಯಾಡಿಸಿದರು.

ಸೋಮಲಿಂಗ ನೆಟ್ಟಗೆ ಒಳಗೆ ಹೋಗಿ ತನ್ನ ವ್ಯಾಖ್ಯೆಗಳ ಪುಸ್ತಕ ತಂದ. ಅಸಾಧ್ಯ ಎಂದು ಬರೆದಲ್ಲಿ ಅಡ್ಡಗೀಟು ಎಳೆಯಲು ಲೇಖನಿ ಎತ್ತಿದ.

“ಇದು ಸುಳ್ಳು. ಇನ್ನೊಬ್ಬನಿಗೆ ಇದನ್ನು ಹೇಳಲಾರೆ.”

ಗುರುಗಳು ಅವನ ಕೈ ತಡೆದರು.

“ರೋಗ ಯಾವುದಾದರೂ ಮದ್ದಿಗೆ ಬಗ್ಗಿತೇ?”

“ಇಲ್ಲ.”

“ಹಾಗಾದರೆ ಸರಿಯಾಗೇ ಇದೆ, ಇರಲಿ ಬಿಡು. ಮದ್ದಿಗೆ ಬಗ್ಗೋದಿಲ್ಲ ಅಂತ ತಾನೇ ಬರೆದಿರೋದು? ನಿನ್ನ ಕೈಲಿ ಏನೂ ಆಗೋದಿಲ್ಲ ಅಂತ ಎಲ್ಲಿ ಬರೆದಿದೆ, ತೋರಿಸು.”