ಗುಂಗವ್ವನ ಮಕ್ಕಳ ಕರುಳು ಒಂದೇ ಕಡೆಗೆ ತಿರುಗಿದ್ದು

ಲೋಕಕ್ಕೆ ಇನ್ನೂ ಸುಣ್ಣ ಬಣ್ಣ ಆಗಿರದ ಕಾಲ. ಆಗ ಯಾವ ಪ್ರಾಣಿಯನ್ನು ನೋಡಿದರೂ ಈ ಅರ್ಧದ ಹಾಗೇ ಆ ಅರ್ಧ. ಹೊರಗೂ ಹಾಗೆ, ಒಳಗೂ ಹಾಗೆ. ಎಡ, ಬಲ ಅನ್ನುವ ಮಾತು ಹುಟ್ಟಿರಲಿಲ್ಲ. ಎರಡೂ ಒಂದೇ ಥರ ಇದ್ದ ಮೇಲೆ ಹುಟ್ಟಿ ಮಾಡುವುದಾದರೂ ಏನು?

ಆ ಕಾಲದಲ್ಲಿ ಒಂದು ಅತ್ತಿಮರದ ಬುಡದಲ್ಲಿ ಗುಂಗವ್ವ ಅನ್ನುವ ಹಣ್ಣುನೊಣ ಇದ್ದಳು. ಎಳ್ಳಿನ ಕಾಳಿನಷ್ಟು ಮೈ, ಊರಿಗಾಗುವಷ್ಟು ಧೈರ್ಯ. ಆನೆ ಎದುರಿಗೆ ಬಂದರೂ "ಸ್ವಲ್ಪ ಪಕ್ಕಕ್ಕೆ ಸರಿ" ಅನ್ನುವ ಪೈಕಿ.

ಅಂಥ ಗುಂಗವ್ವನಿಗೂ ಒಂದು ಸಂಕಟ ಇತ್ತು. ಅವಳು ಮೂರು ಸಲ ಮೊಟ್ಟೆ ಇಟ್ಟಿದ್ದಳು. ಮೂರು ಸಲವೂ ಮರಿಗಳು ಹೊರಗೆ ಬಂದು, ಒಂದು ತುತ್ತು ಹಣ್ಣು ತಿಂದು, ಅಲ್ಲೇ ಸತ್ತುಹೋಗಿದ್ದವು. ಮರಿಯ ಹೊಟ್ಟೆ ಚಿಕ್ಕದು, ಕರುಳು ಉದ್ದ. ನೆಟ್ಟಗೆ ಚಾಚಿಕೊಳ್ಳೋಣ ಅಂದರೆ ಜಾಗವಿಲ್ಲ. ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ಅಂತ ಹೇಗೆ ಹೇಗೋ ತುರುಕಿಕೊಂಡು ಗಂಟಾಗುತ್ತಿತ್ತು. ತಿಂದದ್ದು ಆ ಗಂಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಈಗ ನಾಲ್ಕನೆಯ ಸಲದ ಮೊಟ್ಟೆಗಳು ಒಂದು ಕೊಳೆತ ಅತ್ತಿಹಣ್ಣಿನ ಮೇಲೆ ಇದ್ದವು. ಹೊತ್ತು ಮುಳುಗುವಷ್ಟರಲ್ಲಿ ಒಡೆಯುತ್ತವೆ.

"ಈ ಸಲ ಒಂದನ್ನೂ ಕಳೆದುಕೊಳ್ಳುವುದಿಲ್ಲ" ಅಂದಳು ಗುಂಗವ್ವ. ಬೆಳಿಗ್ಗೆಯೇ ಹೊರಟಳು.

ಮೊದಲು ಹೊಳೆಯ ಹತ್ತಿರ ಹೋದಳು. "ಹೊಳೆಯಕ್ಕಾ, ಇಷ್ಟುದ್ದ ಇದ್ದೀಯ. ಎಲ್ಲೂ ಗಂಟಾಗದ ಹಾಗೆ ಹೇಗೆ ತಿರುಗುತ್ತೀಯ?"

"ನಾನೆಲ್ಲಿ ತಿರುಗುತ್ತೇನೆ ತಂಗಿ? ಬಂಡೆ ಅಡ್ಡ ಬಂದರೆ ಪಕ್ಕಕ್ಕೆ ಸರಿಯುತ್ತೇನೆ. ಒಂದು ಸಲ ಹಾಗೆ, ಒಂದು ಸಲ ಹೀಗೆ. ನನಗೆ ಬೇಕಾದಷ್ಟು ಜಾಗ ಇದೆ, ನಡೆಯುತ್ತದೆ. ಸುತ್ತುವುದನ್ನು ಕಲಿಯಬೇಕಿದ್ದರೆ ಹಗ್ಗ ಹೊಸೆಯುವ ದ್ಯಾವಜ್ಜಿಯನ್ನು ಕೇಳು" ಅಂದಳು ಹೊಳೆಯಕ್ಕ.

ದ್ಯಾವಜ್ಜಿಯೂ ಅವಳ ಗಂಡ ಕೆಂಚಜ್ಜನೂ ಅಂಗಳದಲ್ಲಿ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಈ ತುದಿಗೆ ಅವಳು, ಆ ತುದಿಗೆ ಅವನು, ಎದುರುಬದುರು. ನಾರಿನ ಎರಡು ತುದಿಗೂ ಒಂದೊಂದು ಕಡ್ಡಿ ಕಟ್ಟಿತ್ತು. ಇಬ್ಬರೂ ಕಡ್ಡಿಯನ್ನು ಗರಗರ ತಿರುಗಿಸುತ್ತಿದ್ದರು. ನಾರೂ ಗರಗರ ತಿರುಗುತ್ತಿತ್ತು. ಆದರೆ ಹುರಿ ಮಾತ್ರ ಏರುತ್ತಿರಲಿಲ್ಲ.

"ನನ್ನ ಕೈ ನೋಡಿಕೊಂಡು ತಿರುಗಿಸ್ತಿದ್ದೀರಿ, ಅಲ್ವಾ?" ಅಂದಳು ದ್ಯಾವಜ್ಜಿ.

"ಮತ್ತೆ? ನೀನು ಹೇಗೋ ನಾನೂ ಹಾಗೆ."

"ಅದೇ ತಪ್ಪು ಮಾರಾಯ್ರೆ. ಎದುರಿಗೆ ನಿಂತು ನನ್ನ ಹಾಗೇ ಮಾಡಿದರೆ ನಾನು ಹಾಕಿದ ಹುರಿಯನ್ನು ನೀವು ಬಿಚ್ಚಿದ ಹಾಗೆ. ನನ್ನ ಉಣ್ಣೋ ಕೈ ಕಡೆಗೆ ನಾನು ತಿರುಗಿಸ್ತೀನಿ. ನಿಮ್ಮ ಉಣ್ಣೋ ಕೈ ಕಡೆಗೆ ನೀವು ತಿರುಗಿಸಿ."

ಕೆಂಚಜ್ಜ ಗೊಣಗಿಕೊಂಡೇ ಹಾಗೆ ಮಾಡಿದ. ಹುರಿ ಬಿಗಿಯಾಗಿ ಏರಿತು. ಆಮೇಲೆ ಅಜ್ಜಿ ಎರಡು ಹೆಜ್ಜೆ ಮುಂದೆ ಬಂದಳು ನೋಡು, ಸಡಿಲಾದ ಹಗ್ಗ ತನ್ನಷ್ಟಕ್ಕೆ ತಾನೇ ಅಂದವಾಗಿ ಸುತ್ತಿಕೊಂಡಿತು. ಅಷ್ಟುದ್ದದ ಹಗ್ಗ ಮೊಳದಷ್ಟಾಯಿತು.

"ಅಜ್ಜಿ, ನನಗೆ ಬೇಕಾದದ್ದು ಇದೇ" ಅಂದಳು ಗುಂಗವ್ವ. ತನ್ನ ಮಕ್ಕಳ ವಿಷಯವನ್ನೆಲ್ಲ ಹೇಳಿದಳು.

ದ್ಯಾವಜ್ಜಿಗೆ ಕರುಳು ಚುರ್ ಅಂದಿತು. "ನಿನ್ನ ಮೊಟ್ಟೆಯೊಳಗೆ ನನ್ನ ಬೆರಳು ಹೋಗಲ್ಲ ತಾಯಿ. ಆದರೆ ಕರುಳಿನ ಗೋಡೆಯ ತುಂಬ ಪುಟ್ಟ ಪುಟ್ಟ ಕೋಣೆಗಳಿವೆ, ಕೋಣೆಗೊಬ್ಬ ಆಳು ಇದ್ದಾನೆ. ಅವರಿಗೆ ಹೇಳು. ಎಲ್ಲರೂ ಒಂದೇ ಕಡೆಗೆ ಹುರಿ ಹಾಕಿದರೆ ಕರುಳು ತಾನಾಗಿ ಸುತ್ತಿಕೊಳ್ಳುತ್ತೆ."

"ಅಷ್ಟೇ ತಾನೆ?" ಅಂದವಳೇ ಗುಂಗವ್ವ ಹಾರಿಬಂದಳು. ಮೊಟ್ಟೆಗೆ ಬಾಯಿಟ್ಟು ಕೂಗಿದಳು. "ಎಲ್ಲರೂ ಕೇಳಿಸಿಕೊಳ್ಳಿ. ನಿಮ್ಮ ನಿಮ್ಮ ಉಣ್ಣೋ ಕೈ ಕಡೆಗೆ ಹುರಿ ಹಾಕಿ."

ಒಳಗೆ ಗುಸುಗುಸು ನಡೆಯಿತು. ಆಮೇಲೆ ಒಬ್ಬ ಆಳು ಕೇಳಿದ. "ಗುಂಗವ್ವಾ, ಉಣ್ಣೋ ಕೈ ಅಂದರೆ ಯಾವುದು?"

ಗುಂಗವ್ವ ತನ್ನನ್ನೇ ನೋಡಿಕೊಂಡಳು. ಇದ್ದದ್ದು ಆರು ಕಾಲು. ಅದರಲ್ಲಿ ಒಂದರಿಂದಲೂ ಅವಳು ಉಂಡವಳಲ್ಲ. ನೇರವಾಗಿ ಹಣ್ಣಿಗೇ ಮೂತಿ ಇಟ್ಟು ಹೀರುವವಳು. ಗೊತ್ತಿಲ್ಲ ಅನ್ನುವುದಕ್ಕೆ ಅವಳ ಜಂಬ ಬಿಡಲಿಲ್ಲ.

"ಅಷ್ಟೂ ಗೊತ್ತಾಗಲ್ವಾ? ಎದುರಿಗಿರುವವನನ್ನು ನೋಡಿಕೊಂಡು ಅವನ ಹಾಗೇ ಮಾಡಿ" ಅಂದುಬಿಟ್ಟಳು.

ಆಳುಗಳು ಹೇಳಿದ ಹಾಗೇ ಮಾಡಿದರು, ಪಾಪ. ಈ ಗೋಡೆಯವರು ಹಾಕಿದ್ದನ್ನು ಆ ಗೋಡೆಯವರು ಬಿಚ್ಚಿದರು. ಮಧ್ಯಾಹ್ನ ಕಳೆಯಿತು. ಕರುಳು ಒಂದು ಸುತ್ತೂ ಸುತ್ತಿಕೊಂಡಿರಲಿಲ್ಲ. ಅಷ್ಟರಲ್ಲಿ ಒಂದು ಮೊಟ್ಟೆ ಅಲ್ಲಾಡತೊಡಗಿತು.

ಗುಂಗವ್ವನಿಗೆ ತಾನು ಕೆಂಚಜ್ಜನ ತಪ್ಪನ್ನೇ ಮಾಡಿಸಿದ್ದು ಗೊತ್ತಾಯಿತು. ಹುಟ್ಟಿದಾಗಿನಿಂದ ಅವಳು ಹೆದರಿದ್ದು ಅದೇ ಮೊದಲು. ಜಂಬವನ್ನೆಲ್ಲ ಅಲ್ಲೇ ಬಿಟ್ಟು ದ್ಯಾವಜ್ಜಿಯ ಹತ್ತಿರ ಹಾರಿದಳು.

"ಅಜ್ಜಿ, ನನಗೆ ಉಣ್ಣೋ ಕೈ ಇಲ್ಲ. ಅವರಿಗೂ ಇಲ್ಲ. ನನಗೆ ಹೇಳೋಕೆ ಬರಲಿಲ್ಲ" ಅಂದಳು.

"ಹೇಳೋದೇ ಬೇಡ ಬಿಡು" ಅಂದಳು ದ್ಯಾವಜ್ಜಿ. ಕೆಳಗೆ ಬಿದ್ದಿದ್ದ ಎರಡು ನಾರಿನ ಎಳೆಗಳನ್ನು ಸೇರಿಸಿ, ಅಂಗೈಯಲ್ಲಿಟ್ಟು ತನ್ನ ಉಣ್ಣೋ ಕೈ ಕಡೆಗೆ ಹೊಸೆದಳು. "ಈ ತುದಿಯಲ್ಲಿ ಕೂತು ನೋಡು. ಹುರಿ ಯಾವ ಕಡೆಗೆ ಸುತ್ತಿಕೊಂಡು ಹೋಗಿದೆ?"

ಗುಂಗವ್ವ ನೋಡಿದಳು.

"ಈಗ ಆ ತುದಿಗೆ ಹೋಗಿ ಅಲ್ಲಿಂದ ನೋಡು."

ಗುಂಗವ್ವ ಹೋಗಿ ನೋಡಿದಳು. ಅಲ್ಲಿಂದಲೂ ಅದೇ ಕಡೆಗೆ. ತಲೆಕೆಳಗಾಗಿ ನೇತಾಡಿ ನೋಡಿದಳು. ಆಗಲೂ ಅದೇ ಕಡೆಗೆ.

"ಕೈಗೆ ಎದುರು ಬದುರು ಇದೆ, ಹುರಿಗೆ ಇಲ್ಲ" ಅಂದಳು ಅಜ್ಜಿ. "ಕೋಣೆಗೊಂದು ತುಣುಕು ಕೊಡು. ಯಾರನ್ನೂ ನೋಡಬೇಡಿ, ಇದು ಸುತ್ತಿದ ಕಡೆಗೇ ಸುತ್ತಿ ಅನ್ನು. ಹೋಗು, ಹೊತ್ತಾಯ್ತು."

ಗುಂಗವ್ವ ಆ ಹುರಿಯನ್ನು ತಂದು, ಕಣ್ಣಿಗೆ ಕಾಣದಷ್ಟು ಸಣ್ಣಗೆ ತುಂಡು ತುಂಡು ಮಾಡಿ, ಮೊಟ್ಟೆಗಳ ತುದಿಯ ಸಣ್ಣ ಕಂಡಿಯಿಂದ ತೂರಿಸಿ ಕೋಣೆ ಕೋಣೆಗೂ ಹಂಚಿದಳು. ಈ ಸಲ ಯಾರೂ ಏನೂ ಕೇಳಲಿಲ್ಲ. ತುಣುಕು ಸುತ್ತಿದ ಕಡೆಗೆ ಆಳು ಹುರಿ ಹಾಕಿದ. ಆಳು ಹುರಿ ಹಾಕಿದ ಕಡೆಗೆ ಕೋಣೆ ಒಂದಿಷ್ಟೇ ಇಷ್ಟು ವಾಲಿತು. ಕೋಣೆಗಳೆಲ್ಲ ಒಂದೇ ಕಡೆಗೆ ವಾಲಿದ್ದೇ ತಡ, ಕರುಳು ನಿಧಾನವಾಗಿ ಹೊರಳಿ, ಅಂದವಾಗಿ ಸುತ್ತಿಕೊಂಡು, ಪುಟ್ಟ ಹೊಟ್ಟೆಯೊಳಗೆ ಕೂತಿತು. ಗಂಟು ಬೀಳಲಿಲ್ಲ.

ಮೊಟ್ಟೆ ಒಡೆಯಿತು. ಮೊದಲನೆಯ ಮರಿ ಹೊರಗೆ ಬಂದು ಒಂದು ತುತ್ತು ತಿಂದಿತು. ಗುಂಗವ್ವ ಉಸಿರು ಬಿಗಿಹಿಡಿದಳು. ಮರಿ ಎರಡನೆಯ ತುತ್ತು ತಿಂದಿತು. ಮೂರನೆಯದನ್ನೂ ತಿಂದಿತು. ಆಮೇಲೆ ಅದು ತಲೆ ಎತ್ತಲೇ ಇಲ್ಲ, ತಿನ್ನುತ್ತಲೇ ಹೋಯಿತು. ಗುಂಗವ್ವ ಖುಷಿಗೆ ಅತ್ತುಬಿಟ್ಟಳು.

ಗಂಡುಮರಿಗಳು ದೊಡ್ಡವಾಗುವಾಗ ಇನ್ನೊಂದು ತಮಾಷೆ ಆಯಿತು. ಹುರಿ ಹಾಕುವ ಹುರುಪಿನಲ್ಲಿ ಅವುಗಳ ಬಾಲದ ತುದಿಯೂ ಒಂದು ಸುತ್ತು ಪೂರ್ತಿ ತಿರುಗಿ ಮೊದಲಿದ್ದ ಜಾಗಕ್ಕೇ ಬಂದು ನಿಂತಿತು. ಇವತ್ತಿಗೂ ಅವು ಹಾಗೇ ತಿರುಗುತ್ತವೆ.

ಗುಂಗವ್ವ ಆ ಹುರಿಯನ್ನು ಮಕ್ಕಳಿಗೆ ಕೊಟ್ಟಳು, ಮಕ್ಕಳು ಮೊಮ್ಮಕ್ಕಳಿಗೆ ಕೊಟ್ಟರು. ಅದಕ್ಕೇ ಮಗಾ, ನಮ್ಮ ಅಡುಗೆಮನೆಯ ಬಾಳೆಹಣ್ಣಿನ ಮೇಲೆ ಕೂತಿರುವ ಆ ಪುಟ್ಟ ನೊಣ ಹೊರಗಿಂದ ಎರಡು ಕಡೆಯೂ ಒಂದೇ ಥರ ಕಂಡರೂ ಒಳಗೆ ಕರುಳನ್ನು ಅಜ್ಜಿಯ ಉಣ್ಣೋ ಕೈ ಕಡೆಗೆ, ಅಂದರೆ ಬಲಕ್ಕೇ ಸುತ್ತಿಟ್ಟುಕೊಂಡಿರುತ್ತದೆ, ನೀನು ಎಷ್ಟು ಸಲ ಓಡಿಸಿದರೂ ಹೊಟ್ಟೆತುಂಬ ತಿನ್ನುವುದಕ್ಕೆ ಮತ್ತೆ ಬಂದು ಕೂರುತ್ತದೆ.