ಹೊಟ್ಟು ಬಿಟ್ಟುಹೋದ ಜಾಗ

ಅಕ್ಕಿ ಗಿರಣಿಯವರು ಹೊರಗೆ ಸುರಿದಿದ್ದ ಭತ್ತದ ಹೊಟ್ಟನ್ನು ದ್ಯಾಮವ್ವ ಹೊತ್ತು ತಂದು, ಇಟ್ಟಿಗೆಯ ಮಣ್ಣಿಗೆ ಹಾಕಿ ತುಳಿದಳು.

"ನಾನು ಕೆರೆಯ ಮಣ್ಣು. ಈ ಕಸದ ಜೊತೆ ನನಗೇನು ಕೆಲಸ?" ಎಂದಿತು ಮಣ್ಣು.

"ಬಿಸಿಲಲ್ಲಿ ನೀನು ಬಿರುಕು ಬಿಡದಂತೆ ಹಿಡಿದುಕೊಳ್ಳುತ್ತೇನೆ ಅಕ್ಕ. ಭಟ್ಟಿಗೆ ಹೋದಮೇಲೆ ನಾನಿರುವುದಿಲ್ಲ" ಎಂದಿತು ಹೊಟ್ಟು.

ಇಟ್ಟಿಗೆ ಬಿರುಕಿಲ್ಲದೆ ಒಣಗಿತು. ಭಟ್ಟಿಗೆ ಬೆಂಕಿ ಹಾಕಿದಾಗ ಮಣ್ಣೇ, "ಹೋಗಬೇಡ" ಎಂದು ಬೇಡಿಕೊಂಡಿತು.

"ನನ್ನ ಜಾಗ ಹಾಗೇ ಇಟ್ಟುಕೋ" ಎಂದು ಹೊಟ್ಟು ಉರಿದುಹೋಯಿತು. ಅದಿದ್ದ ಕಡೆಯೆಲ್ಲ ಸಣ್ಣ ಸಣ್ಣ ತೂತುಗಳು ಉಳಿದವು.

ಆ ಇಟ್ಟಿಗೆಯಿಂದಲೇ ಕೋಣೆ ಕಟ್ಟಿಕೊಂಡ ದ್ಯಾಮವ್ವ, ಬೇಸಿಗೆಯ ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟು ಕೂತು, "ಎಷ್ಟು ತಂಪಾಗಿದ್ದೀಯವ್ವ" ಎಂದಳು.

"ತಂಪು ನನ್ನದಲ್ಲ ತಾಯಿ" ಎಂದಿತು ಇಟ್ಟಿಗೆ. "ನನ್ನ ತಂಗಿ ಬಿಟ್ಟುಹೋದ ಜಾಗದ್ದು."