ದುರ್ಗಕ್ಕನ ಕಾಲುಂಗುರ, ಪಟ್ಟೆ ಏಡಿಯ ಮೊಟ್ಟೆ

ಎಲ್ಲರೂ ಕೂತಿರಾ? ಕಾಲು ಮಡಚಿಕೊಳ್ಳಿ. ಈ ಕತೆಯಲ್ಲಿ ಏಡಿ ಇದೆ.

ಒಂದು ಹೊಳೆ. ಹೊಳೆ ಕಡಲಿಗೆ ಸೇರುವಲ್ಲಿ ಒಂದು ಕೇರಿ. ಆ ಕೇರಿಯಲ್ಲಿ ದುರ್ಗಕ್ಕ.

ದುರ್ಗಕ್ಕನಿಗೆ ಎರಡು ಬೆಳ್ಳಿ ಕಾಲುಂಗುರ. ಬಲಗಾಲಿಗೆ ಒಂದು. ಎಡಗಾಲಿಗೆ ಒಂದು. ಕಲ್ಲಿನ ಮೇಲೆ ನಡೆದರೆ ಟಿಣ್, ಟಿಣ್. ಅತ್ತೆ ಕೊಟ್ಟ ಉಂಗುರ. ಅತ್ತೆ ಈಗ ಇಲ್ಲ. ಟಿಣ್ ಟಿಣ್ ಇದೆ.

ದುರ್ಗಕ್ಕನ ಕೆಲಸ ಬಳಚು ಹೆಕ್ಕುವುದು. ಬಳಚು ಅಂದರೆ ಕೆಸರಿನೊಳಗೆ ಬಾಯಿ ಮುಚ್ಚಿಕೊಂಡು ಕೂತ ಚಿಪ್ಪು. ಒಳಗೆ ಉಗುರಿನಷ್ಟು ಮಾಂಸ. ಹೊಳೆಯ ನೀರು ಇಳಿದಾಗ ದುರ್ಗಕ್ಕ ಹೊಳೆಗೆ ಇಳಿಯುತ್ತಾಳೆ. ಕಾಲಿನಿಂದ ಕೆಸರು ತಡಕುತ್ತಾಳೆ. ಬೆರಳಿಗೆ ಗಟ್ಟಿ ಸಿಕ್ಕಿದರೆ ಬಳಚು. ಹೆಕ್ಕು, ಬುಟ್ಟಿಗೆ ಹಾಕು. ಹೆಕ್ಕು, ಬುಟ್ಟಿಗೆ ಹಾಕು.

ಮೊದಲು ಬುಟ್ಟಿ ತುಂಬುತ್ತಿತ್ತು. ಈಗ ತುಂಬುವುದಿಲ್ಲ.

ಆ ದಿನ ತಡಕಿದಳು. ಒಡೆದ ಚಿಪ್ಪು.

ಮತ್ತೆ ತಡಕಿದಳು. ಒಡೆದ ಚಿಪ್ಪು.

ಮತ್ತೆ ತಡಕಿದಳು. ಚಟಕ್.

ಕಾಲು ಎತ್ತಿ ನೋಡಿದಳು. ಬೆರಳು ಇತ್ತು. ಉಂಗುರ ಇರಲಿಲ್ಲ.

ಬಗ್ಗಿ ನೋಡಿದಳು. ಒಂದು ಏಡಿ. ಬೆನ್ನ ಮೇಲೆ ಹಳದಿ ಪಟ್ಟೆ. ಹೊಟ್ಟೆಯ ಕೆಳಗೆ ಕೇಸರಿ ಮೊಟ್ಟೆಗಳ ಮುದ್ದೆ. ಮುಂಗಾಲಿನಲ್ಲಿ ದುರ್ಗಕ್ಕನ ಉಂಗುರ.

ದುರ್ಗಕ್ಕ ಹಿಂದಿನಿಂದ ಹಿಡಿದಳು. ಬುಟ್ಟಿಗೆ ಹಾಕಿದಳು.

"ಏಡೀ ಏಡೀ, ಉಂಗುರ ಬಿಡು."

ಏಡಿ ಬಿಡಲಿಲ್ಲ. ಕಡ್ಡಿಯ ತುದಿಯ ಕಣ್ಣು ತಿರುಗಿಸಿತು. ಇನ್ನೂ ಗಟ್ಟಿಯಾಗಿ ಹಿಡಿಯಿತು.

ಎಳೆಯಬಹುದಿತ್ತು. ದುರ್ಗಕ್ಕ ಕೈ ಮುಂದೆ ತಂದಳು. ಕೈ ಹಿಂದೆ ತಂದಳು. ಕೇರಿಯಲ್ಲಿ ಒಂದು ನಿಯಮ ಇತ್ತು. ಮಕ್ಕಳು ಅಂಬೆಗಾಲಿಡುವಾಗಲೇ ಕೇಳುತ್ತಿದ್ದ ನಿಯಮ.

ಮೊಟ್ಟೆ ಇದ್ದರೆ ಮುಟ್ಟಬೇಡ.
ತಾಯಿಯಾದರೆ ತಡೆಯಬೇಡ.
ಬಲೆಗೆ ಬಂದರೆ ಹೊಳೆಗೆ ಬಿಡು.

ಒಳ್ಳೆಯ ನಿಯಮ. ನಿಯಮ ಒಳ್ಳೆಯದಾದರೆ ಜನ ಯೋಚಿಸುವುದನ್ನು ನಿಲ್ಲಿಸುತ್ತಾರೆ.

ಏಡಿಯನ್ನು ಹೊಳೆಗೆ ಬಿಟ್ಟರೆ ಉಂಗುರವೂ ಹೊಳೆಗೆ ಹೋಗುತ್ತದೆ. ಏನು ಮಾಡುವುದು? ದುರ್ಗಕ್ಕ ಬುಟ್ಟಿ ತಲೆಗಿಟ್ಟಳು. ನಡೆದಳು. ಒಂದು ಕಾಲಿಗೆ ಉಂಗುರ, ಒಂದು ಕಾಲಿಗೆ ಬರೀ ಕೆಸರು. ಟಿಣ್, ಪಚ್. ಟಿಣ್, ಪಚ್.

ದೋಣಿಯ ಹತ್ತಿರ ಗೋಯ್ದ ಕೂತಿದ್ದ. ಗೋಯ್ದ ಮೀನು ಹಿಡಿಯುವವನು. ಅವನ ಹತ್ತಿರ ಕಬ್ಬಿಣದ ಇಕ್ಕಳ ಇತ್ತು.

"ಗೋಯ್ದಾ ಗೋಯ್ದಾ, ಏಡಿ ಉಂಗುರ ಬಿಡಲೊಲ್ಲದು. ಇಕ್ಕಳ ತಾ, ಏಡಿಯ ಕಾಲು ಬಿಡಿಸು."

ಗೋಯ್ದ ಏಡಿಯನ್ನು ಮಗುಚಿ ನೋಡಿದ. ಮೊಟ್ಟೆ ನೋಡಿದ. ಇಕ್ಕಳ ಬೆನ್ನ ಹಿಂದೆ ಇಟ್ಟ.

"ತಾಯಿ ಅಲ್ವಾ ಅಕ್ಕಾ. ನನ್ನ ಕೈಯಲ್ಲಿ ಆಗುವುದಿಲ್ಲ. ಪಾಪ, ಬಿಸಿಲಿಗೆ ಒಣಗಿದೆ."

ಏಡಿಯ ಮೇಲೆ ಒಂದು ಬೊಗಸೆ ನೀರು ಹಾಕಿದ. ಏಡಿಗೆ ತಂಪಾಯಿತು. ದುರ್ಗಕ್ಕನಿಗೆ ಯಾರೂ ನೀರು ಕೊಡಲಿಲ್ಲ.

ಟಿಣ್, ಪಚ್. ಟಿಣ್, ಪಚ್.

ಜಗಲಿಯಲ್ಲಿ ಸೋಮಿ ಕೂತಿದ್ದಳು. ಸೋಮಿ ಬಲೆ ಹೊಲಿಯುವವಳು. ಮಡಿಲಲ್ಲಿ ಗೋಯ್ದನ ಹರಿದ ಬಲೆ. ಬಲೆಯ ಹಿಂದೆ ಎಂಟು ತಿಂಗಳ ಹೊಟ್ಟೆ.

"ಸೋಮೀ ಸೋಮೀ, ಏಡಿ ಉಂಗುರ ಬಿಡಲೊಲ್ಲದು. ಗೋಯ್ದ ಏಡಿಯ ಕಾಲು ಬಿಡಿಸಲೊಲ್ಲ. ನೀನು ಗೋಯ್ದನ ಬಲೆ ಬದಿಗಿಡು. ಬಲೆ ಇಲ್ಲದಿದ್ದರೆ ಅವನು ದಾರಿಗೆ ಬರುತ್ತಾನೆ."

ಸೋಮಿ ಏಡಿಯನ್ನು ನೋಡಿದಳು. ತನ್ನ ಹೊಟ್ಟೆ ನೋಡಿದಳು.

"ಎಂಥ ಮಾತಾಡ್ತೀ ಅಕ್ಕಾ. ನಾನೂ ಅದೂ ಒಂದೇ ದೋಣಿಯಲ್ಲಿದ್ದೇವೆ. ಅದರ ಕಾಲು ತಿರುಚು ಅಂತ ನಾನು ಹೇಳಲಾ?"

ಏಡಿಗೆ ಒಂದು ಒದ್ದೆ ಬಾಳೆಲೆ ಹೊದೆಸಿದಳು. ಏಡಿಗೆ ನೆರಳಾಯಿತು. ದುರ್ಗಕ್ಕನ ತಲೆ ಸುಡುತ್ತಿತ್ತು.

ಟಿಣ್, ಪಚ್. ಟಿಣ್, ಪಚ್.

ಕಟ್ಟೆಯ ಮೇಲೆ ಜಟ್ಟಪ್ಪ ಕೂತಿದ್ದ. ಜಟ್ಟಪ್ಪ ಕೇರಿಯ ಯಜಮಾನ. ಕೂತಿರುವುದೇ ಅವನ ಕೆಲಸ.

"ಜಟ್ಟಪ್ಪಣ್ಣಾ, ಏಡಿ ಉಂಗುರ ಬಿಡಲೊಲ್ಲದು. ಗೋಯ್ದ ಏಡಿಯ ಕಾಲು ಬಿಡಿಸಲೊಲ್ಲ. ಸೋಮಿ ಗೋಯ್ದನ ಬಲೆ ಬದಿಗಿಡಲೊಲ್ಲಳು. ನೀನು ಸೋಮಿಗೆ ಹೇಳು."

ಜಟ್ಟಪ್ಪ ಬಾಳೆಲೆ ಎತ್ತಿ ನೋಡಿದ. ಮೊಟ್ಟೆಗೆ ಕೈ ಮುಗಿದ.

"ನಿಯಮ ನಿಯಮವೇ ತಂಗೀ. ನಾನು ಮುರಿದರೆ ಉಳಿದವರು ಹಲ್ಲು ಬಿಡುತ್ತಾರೆ. ಮೀನಿನ ಆಫೀಸಿಗೆ ಹೋಗು. ಅಲ್ಲಿ ಓದಿದವರಿದ್ದಾರೆ."

ಏಡಿಗೆ ಒಂದು ತುಂಡು ಬೂತಾಯಿ ಮೀನು ಕೊಟ್ಟ. ಏಡಿ ಖಾಲಿ ಇದ್ದ ಕಾಲಿನಲ್ಲಿ ತೆಗೆದುಕೊಂಡಿತು. ಉಂಗುರ ಹಿಡಿದ ಕಾಲು ಅಲುಗಲಿಲ್ಲ. ದುರ್ಗಕ್ಕ ಬೆಳಗಿನಿಂದ ಏನೂ ತಿಂದಿರಲಿಲ್ಲ.

ಟಿಣ್, ಪಚ್. ಟಿಣ್, ಪಚ್.

ಮೀನಿನ ಆಫೀಸಿನಲ್ಲಿ ಸಾಹೇಬರು ಕೂತಿದ್ದರು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ. ಕೈಯಲ್ಲಿ ಒಂದು ಅಡಿಪಟ್ಟಿ.

"ಸಾಹೇಬರೇ, ಏಡಿ ಉಂಗುರ ಬಿಡಲೊಲ್ಲದು. ಗೋಯ್ದ ಏಡಿಯ ಕಾಲು ಬಿಡಿಸಲೊಲ್ಲ. ಸೋಮಿ ಗೋಯ್ದನ ಬಲೆ ಬದಿಗಿಡಲೊಲ್ಲಳು. ಜಟ್ಟಪ್ಪ ಸೋಮಿಗೆ ಹೇಳಲೊಲ್ಲ. ನೀವು ಜಟ್ಟಪ್ಪನಿಗೆ ಹೇಳಿ."

ಸಾಹೇಬರು ಏಡಿಯ ಉದ್ದ ಅಳೆದರು. ಅಗಲ ಅಳೆದರು. ಉಂಗುರವನ್ನೂ ಅಳೆದರು.

"ಇದು ನಮ್ಮ ಹೊಳೆಯ ಏಡಿ ಅಲ್ಲ," ಅಂದರು. "ದೂರದ ಕಡಲಿನದು. ದೊಡ್ಡ ಹಡಗುಗಳು ಹೊಟ್ಟೆ ತುಂಬ ನೀರು ತುಂಬಿಕೊಳ್ಳುತ್ತವೆ. ನೀರಿನ ಜೊತೆ ಏಡಿಮರಿ. ಇಲ್ಲಿಗೆ ಬಂದು ನೀರು ಉಗುಳುತ್ತವೆ. ನೀರಿನ ಜೊತೆ ಏಡಿಮರಿ."

"ಮೊಟ್ಟೆ ಎಷ್ಟಿದೆ ಸಾಹೇಬರೇ?"

"ಲಕ್ಷಕ್ಕೆ ಕಡಿಮೆ ಇಲ್ಲ."

"ಹಾಗಾದರೆ ಜಟ್ಟಪ್ಪನಿಗೆ ಹೇಳಿ."

ಸಾಹೇಬರು ಪುಸ್ತಕ ತೆರೆದರು. ಪುಸ್ತಕ ಮುಚ್ಚಿದರು.

"ಮೊಟ್ಟೆ ಇದ್ದ ಏಡಿಯನ್ನು ಬಿಡಿ, ಅಂತಿದೆ. ಯಾವ ಏಡಿ ಅಂತ ಇಲ್ಲ. ನಿಮ್ಮ ಕೇರಿಯ ಮಾತನ್ನೇ ಬರೆದುಕೊಂಡದ್ದು. ಹೇಳಿದವರ ಹೆಸರೂ ಇದೆ. ಕುಪ್ಪಮ್ಮ. ಅವರು ಬೇರೆ ಹೇಳಿದರೆ ಬೇರೆ ಬರೆಯುತ್ತೇನೆ."

ಏಡಿಯ ಕಡೆಗೆ ಫ್ಯಾನು ತಿರುಗಿಸಿದರು. ಆಫೀಸಿಗೆ ಏಡಿ ಯಾರು ಅಂತ ಗೊತ್ತಿತ್ತು. ಏಡಿಗೆ ಆಫೀಸು ಏನು ಅಂತ ಗೊತ್ತಿರಲಿಲ್ಲ. ಅದು ಆರಾಮಾಗಿತ್ತು.

ಟಿಣ್, ಪಚ್. ಟಿಣ್, ಪಚ್.

ಕೇರಿಯ ಕೊನೆಯ ಮನೆ ಕುಪ್ಪಜ್ಜಿಯದು. ಅಜ್ಜಿಗೆ ಕಣ್ಣು ಮಂಜು. ಬಾಯಲ್ಲಿ ಹಲ್ಲಿಲ್ಲ. ಕಿವಿ ಮಾತ್ರ ಚುರುಕು.

"ಯಾರದು? ಟಿಣ್ ಟಿಣ್ ಅಂದರೆ ದುರ್ಗಿ. ಇದು ಟಿಣ್ ಪಚ್. ಯಾರದು?"

"ನಾನೇ ಅಜ್ಜೀ, ದುರ್ಗಿ."

"ಇನ್ನೊಂದು ಕಾಲು ಎಲ್ಲಿ ಬಿಟ್ಟೆ?"

"ಅಜ್ಜೀ ಅಜ್ಜೀ, ಏಡಿ ಉಂಗುರ ಬಿಡಲೊಲ್ಲದು. ಗೋಯ್ದ ಏಡಿಯ ಕಾಲು ಬಿಡಿಸಲೊಲ್ಲ. ಸೋಮಿ ಗೋಯ್ದನ ಬಲೆ ಬದಿಗಿಡಲೊಲ್ಲಳು. ಜಟ್ಟಪ್ಪ ಸೋಮಿಗೆ ಹೇಳಲೊಲ್ಲ. ಸಾಹೇಬರು ಜಟ್ಟಪ್ಪನಿಗೆ ಹೇಳಲೊಲ್ಲರು. ನೀನು ಸಾಹೇಬರಿಗೆ ಹೇಳು."

"ಮೊದಲು ಕೂತುಕೋ. ಬೆಲ್ಲ ತಿನ್ನು. ನೀರು ಕುಡಿ."

ದುರ್ಗಕ್ಕ ಕೂತಳು. ಬೆಲ್ಲ ತಿಂದಳು. ನೀರು ಕುಡಿದಳು. ಕಣ್ಣಲ್ಲಿ ಸ್ವಲ್ಪ ನೀರು ಬಂತು. ಒರೆಸಿಕೊಂಡಳು.

"ಬಳಚು ತಂದೆಯಾ?" ಅಂದಳು ಅಜ್ಜಿ.

"ಇಲ್ಲ ಅಜ್ಜೀ."

"ಇವತ್ತಿಗೆ ಮೂರು ದಿನ. ಹಲ್ಲಿಲ್ಲದವಳು ನಾನು. ಬಳಚಿನ ಸಾರು ಬಿಟ್ಟು ಬೇರೆ ಏನು ತಿನ್ನಲಿ, ಕಲ್ಲು ತಿನ್ನಲಾ?"

"ಬಳಚು ಇಲ್ಲ ಅಜ್ಜೀ. ಹೊಳೆಯಲ್ಲಿ ಬರೀ ಒಡೆದ ಚಿಪ್ಪು."

"ಯಾರು ಒಡೆದದ್ದು?"

ದುರ್ಗಕ್ಕ ಬುಟ್ಟಿಯ ಕಡೆ ನೋಡಿದಳು. ಬುಟ್ಟಿಯಲ್ಲಿ ಏಡಿ ಮೀನು ತಿಂದು ಮುಗಿಸುತ್ತಿತ್ತು.

"ಇದೇ ಅಜ್ಜೀ. ಪಟ್ಟೆ ಏಡಿ. ಈಗ ಹೊಳೆ ತುಂಬ ಇದೇ."

"ನಮ್ಮ ಕೆಸರಿನ ಏಡಿಯೂ ಬಳಚು ತಿನ್ನುತ್ತದಲ್ಲ."

"ಅದು ತಿಂದು ನಮಗೂ ಬಿಡುತ್ತದೆ. ಇದು ಬಿಡುವುದಿಲ್ಲ."

ಅಜ್ಜಿ ಬುಟ್ಟಿಗೆ ಕೈ ಹಾಕಿದಳು. ಮೊಟ್ಟೆ ಮುಟ್ಟಿ ನೋಡಿದಳು.

"ಇಷ್ಟೂ ಮರಿಯಾಗುತ್ತದಾ?"

"ಲಕ್ಷ ಅಂದರು ಸಾಹೇಬರು."

"ಲಕ್ಷ ನನಗೆ ಗೊತ್ತಿಲ್ಲ. ಇಪ್ಪತ್ತಕ್ಕಿಂತ ಹೆಚ್ಚಾ?"

"ಹೆಚ್ಚು ಅಜ್ಜೀ."

"ಹಾಗಾದರೆ ಸಾಕು. ನನ್ನ ಸಾರು ಖಾಲಿ ಮಾಡಲು ಇಪ್ಪತ್ತೇ ಬೇಕಾದಷ್ಟಾಯಿತು."

ಅಜ್ಜಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

"ದುರ್ಗೀ, ಆ ನಿಯಮ ನಾನೇ ಹೇಳಿದ್ದು. ಯಾಕೆ ಹೇಳಿದೆ?"

"ತಾಯಿಯ ಮೇಲೆ ಕರುಣೆಯಿಂದ."

"ಕರುಣೆಯೂ ಹೌದು. ಮುಂದಿನ ವರ್ಷ ಪಾತ್ರೆಯಲ್ಲಿ ಏನಾದರೂ ಇರಲಿ ಅಂತಲೂ ಹೌದು. ನಮ್ಮ ತಾಯಿಯನ್ನು ಬಿಟ್ಟರೆ ಮುಂದಿನ ವರ್ಷ ಪಾತ್ರೆ ತುಂಬುತ್ತದೆ. ಈ ತಾಯಿಯನ್ನು ಬಿಟ್ಟರೆ ಮುಂದಿನ ವರ್ಷ ಪಾತ್ರೆ ಖಾಲಿ."

"ಪಾಪದ್ದು ಅಜ್ಜೀ."

"ಪಾಪದ್ದೇ. ಬರುತ್ತೀಯಾ ಅಂತ ಅದನ್ನು ಯಾರೂ ಕೇಳಲಿಲ್ಲ. ಹಡಗು ಎತ್ತಿಕೊಂಡು ಬಂತು, ಇಲ್ಲಿ ಉಗುಳಿತು. ತಪ್ಪು ಏಡಿಯದಲ್ಲ."

ಅಜ್ಜಿ ಏಡಿಯ ಬೆನ್ನು ಸವರಿದಳು.

"ಆದರೂ ಒಲೆ ಹಚ್ಚಬೇಕು. ನನ್ನನ್ನು ಎತ್ತಿಕೋ."

ದುರ್ಗಕ್ಕ ಬೆನ್ನ ಮೇಲೆ ಅಜ್ಜಿಯನ್ನು ಹೊತ್ತಳು. ತಲೆಯ ಮೇಲೆ ಏಡಿಯನ್ನು ಹೊತ್ತಳು. ಟಿಣ್, ಪಚಕ್. ಟಿಣ್, ಪಚಕ್.

ಅಜ್ಜಿ ಸಾಹೇಬರಿಗೆ ಹೇಳಿದಳು: "ಬರೆದುಕೋ ಮಗಾ."

ನಮ್ಮ ಏಡಿಗೆ ಮೊಟ್ಟೆ ಇದ್ದರೆ ಮುಟ್ಟಬೇಡ.
ಪಟ್ಟೆ ಏಡಿಗೆ ಮೊಟ್ಟೆ ಇದ್ದರೆ ಬಿಡಲೇ ಬೇಡ.

ಸಾಹೇಬರು ಬರೆದುಕೊಂಡರು. ಇಷ್ಟು ಸುಲಭವಾ, ಅಂತ ಅವರಿಗೇ ಆಶ್ಚರ್ಯವಾಯಿತು. ಪುಸ್ತಕ ಹಿಡಿದು ಹಿಂದೆಯೇ ಬಂದರು.

ಅಜ್ಜಿ ಸಾಹೇಬರಿಗೆ ಹೇಳಿದಳು. ಸಾಹೇಬರು ಜಟ್ಟಪ್ಪನಿಗೆ ಹೇಳಿದರು. ಜಟ್ಟಪ್ಪ ಕಟ್ಟೆಯಿಂದ ಎದ್ದ. ಅವನು ಎದ್ದದ್ದನ್ನು ನೋಡಿ ನಾಯಿ ಬೊಗಳಿತು. ಅವನೂ ಹಿಂದೆಯೇ ಬಂದ.

ಅಜ್ಜಿ ಸಾಹೇಬರಿಗೆ ಹೇಳಿದಳು. ಸಾಹೇಬರು ಜಟ್ಟಪ್ಪನಿಗೆ ಹೇಳಿದರು. ಜಟ್ಟಪ್ಪ ಸೋಮಿಗೆ ಹೇಳಿದ. ಸೋಮಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಯೋಚಿಸಿದಳು. "ಹುಟ್ಟುವ ಮಗುವಿಗೂ ಸಾರು ಬೇಕಲ್ಲ," ಅಂದಳು. ಅವಳೂ ಹಿಂದೆಯೇ ಬಂದಳು, ನಿಧಾನಕ್ಕೆ.

ಅಜ್ಜಿ ಸಾಹೇಬರಿಗೆ ಹೇಳಿದಳು. ಸಾಹೇಬರು ಜಟ್ಟಪ್ಪನಿಗೆ ಹೇಳಿದರು. ಜಟ್ಟಪ್ಪ ಸೋಮಿಗೆ ಹೇಳಿದ. ಸೋಮಿ ಗೋಯ್ದನ ಬಲೆ ಬದಿಗಿಟ್ಟಳು. ಬಲೆ ಇಲ್ಲದ ಗೋಯ್ದ ಏನು ಮಾಡುತ್ತಾನೆ? ಇಕ್ಕಳ ತಂದ. ಏಡಿಗೆ "ಕ್ಷಮಿಸವ್ವಾ" ಅಂದ. ಒಂದು ಕಣ್ಣು ಮುಚ್ಚಿಕೊಂಡ.

ಅಜ್ಜಿ ಸಾಹೇಬರಿಗೆ ಹೇಳಿದಳು. ಸಾಹೇಬರು ಜಟ್ಟಪ್ಪನಿಗೆ ಹೇಳಿದರು. ಜಟ್ಟಪ್ಪ ಸೋಮಿಗೆ ಹೇಳಿದ. ಸೋಮಿ ಗೋಯ್ದನ ಬಲೆ ಬದಿಗಿಟ್ಟಳು. ಗೋಯ್ದ ಏಡಿಯ ಕಾಲು ಬಿಡಿಸಿದ. ಏಡಿ ಉಂಗುರ ಬಿಟ್ಟಿತು.

ಉಂಗುರ ಕಲ್ಲಿನ ಮೇಲೆ ಬಿತ್ತು.

ಟಿಣ್.

ಆ ಸಂಜೆ ಕೇರಿಯವರೆಲ್ಲ ಹೊಳೆಗಿಳಿದರು. ಪಟ್ಟೆ ಏಡಿ ಹಿಡಿದರು. ಮೊಟ್ಟೆ ಇದ್ದದ್ದನ್ನು ಮೊದಲು ಹಿಡಿದರು. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ ಅರೆದು ಸಾರು ಮಾಡಿದರು. ಕುಪ್ಪಜ್ಜಿ ಒಂದು ಬಟ್ಟಲು ಕುಡಿದಳು.

"ಬಳಚಿನಷ್ಟು ರುಚಿ ಇಲ್ಲ," ಅಂದಳು. ಇನ್ನೊಂದು ಬಟ್ಟಲು ಕೇಳಿದಳು.

ಮರುದಿನ ಗೋಯ್ದನ ಬಲೆಗೆ ಒಂದು ಕೆಸರಿನ ಏಡಿ ಬಂತು. ನಮ್ಮದೇ ಏಡಿ. ಹೊಟ್ಟೆ ತುಂಬ ಮೊಟ್ಟೆ. ಗೋಯ್ದ ಎರಡೂ ಕೈಯಲ್ಲಿ ಎತ್ತಿ ಹೊಳೆಗೆ ಬಿಟ್ಟ. ಅದು ಹೋಗುವಾಗ ಅವನ ಬೆರಳು ಕಚ್ಚಿತು. ತಾಯಂದಿರು ಹಾಗೆಯೇ.

ಪಟ್ಟೆ ಏಡಿ ಪೂರ್ತಿ ಹೋಯಿತಾ? ಇಲ್ಲ. ಒಮ್ಮೆ ಬಂದದ್ದು ಪೂರ್ತಿ ಹೋಗುವುದಿಲ್ಲ. ಕಡಿಮೆಯಾಯಿತು. ಅದಕ್ಕೇ ಕೇರಿಯವರು ಈಗಲೂ ಹಿಡಿಯುತ್ತಾರೆ, ಈಗಲೂ ತಿನ್ನುತ್ತಾರೆ.

ಮುಂದಿನ ವರ್ಷ ಹೊಳೆಯ ನೀರು ಇಳಿಯಿತು. ದುರ್ಗಕ್ಕ ಹೊಳೆಗೆ ಇಳಿದಳು. ಕಾಲಿನಿಂದ ತಡಕಿದಳು. ಬೆರಳಿಗೆ ಗಟ್ಟಿ ಸಿಕ್ಕಿತು. ಬಳಚು. ಮತ್ತೆ ತಡಕಿದಳು. ಬಳಚು. ಹೆಕ್ಕು, ಬುಟ್ಟಿಗೆ ಹಾಕು. ಹೆಕ್ಕು, ಬುಟ್ಟಿಗೆ ಹಾಕು.

ಕೇರಿಯ ಕೊನೆಯ ಮನೆಯಲ್ಲಿ ಕುಪ್ಪಜ್ಜಿ ಕಿವಿ ನಿಮಿರಿಸಿದಳು.

ಟಿಣ್, ಟಿಣ್. ಟಿಣ್, ಟಿಣ್.

"ದುರ್ಗಿ ಬಂದಳು," ಅಂದಳು. ಒಲೆ ಹಚ್ಚಿದಳು.

ಆಯಿತು. ಇನ್ನು ಕಾಲು ಚಾಚಬಹುದು.